ದಾದಿಯ ಕಳವಳ

ಶುಶ್ರೂಷೆಯನ್ನು ಕಲಿಯಲು ಆಸ್ಪತ್ರೆಗೆ ಸೇರುವ ಎಳೆಯರು ನೋವನ್ನೂ ಮರಣವನ್ನೂ ಬಲು ಹತ್ತಿರದಿಂದ ಕಾಣಬೇಕಾಗುತ್ತದೆ. ಅವರ ಮನಸ್ಸು ಕಳವಳಗೊಳ್ಳುವುದು ಸಹಜ. ಆದರೆ ರೋಗಿಯ ನರಳಾಟವೊಂದೇ ಅದಕ್ಕೆ ಕಾರಣವೆಂದು ತಿಳಿಯಲಾಗದು.

ಲಂಡನ್ನಿನ ಒಂದು ಆಸ್ಪತ್ರೆಯಲ್ಲಿ ಇಸಬೆಲ್ ಮೆನ್ಜೀಸ್ ಎಂಬ ಮನೋವಿಶ್ಲೇಷಕಿಯು ನಡೆಸಿದ ಅಧ್ಯಯನವು 1960ರಲ್ಲಿ ಪ್ರಕಟವಾಯಿತು. ಅಲ್ಲಿದ್ದ ಸುಮಾರು 700 ದಾದಿಯರಲ್ಲಿ ತರಬೇತಿ ಮುಗಿಸಿದವರು 150 ಮಂದಿ; ಉಳಿದವರೆಲ್ಲ ವಿದ್ಯಾರ್ಥಿನಿಯರು. ಶಿಕ್ಷಣವು ನಾಲ್ಕು ವರ್ಷದ್ದು. ಮೂರರಲ್ಲೊಂದು ಪಾಲು ವಿದ್ಯಾರ್ಥಿನಿಯರು ಅದನ್ನು ಮುಗಿಸದೆಯೇ ಹೊರಟುಹೋಗುತ್ತಿದ್ದರು.

ಇದೇಕೆ ಹೀಗೆ? ದಾದಿಯ ಮನಸ್ಸು ನೋಯದಿರಲೆಂಬಂತೆ, ಅವಳಿಗೂ ರೋಗಿಗೂ ನಡುವೆ ಒಂದು ಅಂತರವು ಏರ್ಪಟ್ಟಿತ್ತು. ಒಬ್ಬ ರೋಗಿಯನ್ನು ಪೂರ್ತಿಯಾಗಿ ನೋಡಿಕೊಳ್ಳುವ ಬದಲು, ಆಕೆ ಅನೇಕರಿಗೆ ಕೆಲವೇ ಬಗೆಯ ಕೆಲಸಗಳನ್ನು ಮಾಡುತ್ತಿದ್ದಳು. ರೋಗಿಯ ಹೆಸರು ಹೋಗಿ ‘ಹತ್ತನೆಯ ಹಾಸಿಗೆಯ ಯಕೃತ್ತು’ ಎಂಬ ಗುರುತು ಉಳಿದಿತ್ತು. ನಿದ್ದೆಹೋದವರನ್ನು ಎಬ್ಬಿಸಿ ನಿದ್ದೆಯ ಮದ್ದು ಕೊಡುವುದೂ ಉಂಟಾಗಿತ್ತು! ಒಂದು ವಾರ್ಡಿಗೆ ಒಗ್ಗುವಷ್ಟರಲ್ಲಿ ಇನ್ನೊಂದಕ್ಕೆ ವರ್ಗವಾಗುತ್ತಿತ್ತು.

ಇದರ ಫಲವು ವಿಪರೀತವಾಯಿತೆಂದು ಮೆನ್ಜೀಸ್ ಕಂಡರು. ಕಳವಳವು ಕರಗದೆ ಒಳಗೇ ಉಳಿಯಿತು. ತನ್ನ ಆರೈಕೆಯಿಂದ ರೋಗಿಯು ಚೇತರಿಸಿಕೊಂಡನೆಂಬ ತೃಪ್ತಿಯಾಗಲಿ, ಸ್ವಂತ ವಿವೇಚನೆಯಿಂದ ದುಡಿಯುವ ಅವಕಾಶವಾಗಲಿ ಅವಳಿಗೆ ದೊರೆಯಲಿಲ್ಲ. ಬಿಟ್ಟುಹೋದವರಲ್ಲಿ ಒಳ್ಳೆಯ ವಿದ್ಯಾರ್ಥಿನಿಯರೇ ಅನೇಕರಿದ್ದರು.

ಎದೆಯನ್ನು ಕಲ್ಲಾಗಿಸಿಕೊಳ್ಳುವಂತೆ ಕಲಿಯುವವರಿಗೆ ಬೋಧಿಸುವುದರಿಂದ ಪ್ರಯೋಜನವಿಲ್ಲ. ಅವರ ದುಃಖವನ್ನು ಕೇಳುವ ಹಿರಿಯರು ವಾರ್ಡಿನಲ್ಲಿರಬೇಕು; ತಾವು ಉಪಚರಿಸಿದ ರೋಗಿಯು ಎದ್ದು ಮನೆಗೆ ನಡೆಯುವುದನ್ನು ಕಾಣುವಷ್ಟು ಕಾಲ ಅವರೂ ಅಲ್ಲಿರಬೇಕು.