ಪುಟ್ಟ ಡಿಜಿಟಲ್ ಕ್ಯಾಮರಾ: ಕೆಲವು ತೊಡಕುಗಳೂ ಪರಿಹಾರಗಳೂ

ನಮ್ಮ ಪರಿಚಯದ ಒಂದು ಮನೆಯಲ್ಲಿ ಅಜ್ಜಿಯ ಎಂಬತ್ತನೆಯ ವರ್ಷದ ಸಮಾರಂಭವು ನೆರವೇರಿತು. ಹುಡುಗನೊಬ್ಬನು ಪುಟ್ಟ ಡಿಜಿಟಲ್ ಕ್ಯಾಮರಾದಿಂದ ಅನೇಕ ಚಿತ್ರಗಳನ್ನು ತೆಗೆದನು. ಮರುದಿನ, ಕಾರ್ಡನ್ನು ‘ಫಾರ್ಮ್ಯಾಟ್’ ಮಾಡಬೇಕೆಂಬ ಸೂಚನೆಯು ಪರದೆಯ ಮೇಲೆ ತೋರಿತು. ಅವನು ಒಡನೆಯೇ ಒಪ್ಪಿಗೆಯ ಗುಂಡಿಯನ್ನೊತ್ತಿ, ಅದೇ ಕಾರ್ಡಿನಲ್ಲಿ ಹೊಸ ಚಿತ್ರಗಳನ್ನು ತೆಗೆಯತೊಡಗಿದನು. ಅಜ್ಜಿಯ ಚಿತ್ರ ಒಂದೂ ಉಳಿಯಲಿಲ್ಲ. ಯಂತ್ರದ ದೋಷಕ್ಕಿಂತ ನಮ್ಮ ಆತುರವೇ ಹೆಚ್ಚು ಹಾನಿಕರವೆಂಬುದಕ್ಕೆ ಇದೊಂದು ನಿದರ್ಶನ. ಮೊಬೈಲ್ ಫೋನು ಬಂದ ಮೇಲೆ ಕಪಾಟು ಸೇರಿದ ಇಂತಹ ಕ್ಯಾಮರಾವನ್ನು ಮತ್ತೆ ಹೊರತೆಗೆಯುವ ವಿದ್ಯಾರ್ಥಿಗಳು ಕೆಲವು ಸಂಗತಿಗಳನ್ನು ಅರಿತಿರುವುದು ಒಳ್ಳೆಯದು.

ಕ್ಯಾಮರಾ ಚಾಲೂ ಆಗದಿದ್ದರೆ ಮೊದಲು ಬ್ಯಾಟರಿಯನ್ನು ಪರೀಕ್ಷಿಸಬೇಕು. ಅದರ ಲೋಹದ ತುದಿಗಳನ್ನು ಒಣಬಟ್ಟೆಯಿಂದ ಒರೆಸಿ, ಪೂರ್ಣವಾಗಿ ಚಾರ್ಜು ಮಾಡಿ ನೋಡತಕ್ಕುದು. ಲಿಥಿಯಂ ಬ್ಯಾಟರಿಯು ಉಬ್ಬಿದ್ದರೆ ಅದನ್ನು ಬಳಸಲೂ ಕೂಡದು, ಚುಚ್ಚಲೂ ಕೂಡದು. ಬ್ಯಾಟರಿಯಿಲ್ಲದೆ ಬಹುಕಾಲ ಇದ್ದ ಯಂತ್ರದ ಗಡಿಯಾರವು ತಪ್ಪಿರುತ್ತದೆ. ದಿನಾಂಕವನ್ನು ಸರಿಪಡಿಸದಿದ್ದರೆ ಎಲ್ಲ ಚಿತ್ರಗಳಿಗೂ ತಪ್ಪು ದಿನಾಂಕವೇ ಬೀಳುವುದು.

ಮಸೂರದ ಕೊಳವೆಯು ಹೊರಬಂದು ಅಲ್ಲಿಯೇ ಸಿಕ್ಕಿಕೊಳ್ಳುವುದು ಮತ್ತೊಂದು ತೊಡಕು. ಕಾಸರಗೋಡಿನಂತಹ ಕಡಲತೀರದಲ್ಲಿ ಒಂದು ಮರಳಿನ ಕಣವೇ ಇದಕ್ಕೆ ಸಾಕು. ಬ್ಯಾಟರಿಯ ಶಕ್ತಿ ಕುಂದಿದರೂ ಹೀಗಾಗುವುದುಂಟು. ಕೊಳವೆಯನ್ನು ಬಲವಂತದಿಂದ ಒತ್ತಬಾರದು. ಬ್ಯಾಟರಿಯನ್ನು ತೆಗೆದು, ರಬ್ಬರಿನ ಊದುಬುರುಡೆಯಿಂದ ಧೂಳನ್ನು ಹಾರಿಸಿ, ಚಾರ್ಜಾದ ಬ್ಯಾಟರಿಯನ್ನು ಹಾಕಿ ನೋಡಬೇಕು. ಆಗಲೂ ಸರಿಹೋಗದಿದ್ದರೆ ಬಲ್ಲವರಿಗೆ ಒಪ್ಪಿಸುವುದೇ ಲೇಸು.

ಚಿತ್ರವು ಮಸುಕಾದರೆ ಅದರ ಬಗೆಯನ್ನು ಗಮನಿಸಿರಿ. ಇಡೀ ಚಿತ್ರವೇ ಎಳೆದಂತಿದ್ದರೆ ಕೈ ನಡುಗಿದೆ. ಮಂದಬೆಳಕಿನಲ್ಲಿ ಕವಾಟವು ಹೆಚ್ಚು ಹೊತ್ತು ತೆರೆದಿರುವುದರಿಂದ ಹೀಗಾಗುತ್ತದೆ. ಗೋಡೆಯನ್ನೋ ಮೇಜನ್ನೋ ಆಶ್ರಯಿಸಿರಿ. ಹಿನ್ನೆಲೆಯು ಸ್ಪಷ್ಟವಾಗಿದ್ದು ಮುಖವು ಮಸುಕಾಗಿದ್ದರೆ ಫೋಕಸು ತಪ್ಪಿದೆ. ಗುಂಡಿಯನ್ನು ಅರ್ಧ ಒತ್ತಿ, ಸೂಚನೆ ಬಂದ ಬಳಿಕ ಪೂರ್ತಿ ಒತ್ತಬೇಕು. ತೀರ ಸಮೀಪದ ವಸ್ತುವಿಗೆ ಹೂವಿನ ಗುರುತಿನ ಕ್ರಮವನ್ನು ಆರಿಸತಕ್ಕುದು. ಮಳೆಗಾಲದ ರಾತ್ರಿಯ ಚಿತ್ರಗಳಲ್ಲಿ ತೋರುವ ಬಿಳಿಯ ಚುಕ್ಕೆಗಳು ಭೂತಪ್ರೇತಗಳಲ್ಲ. ಮಸೂರದ ಮುಂದಿನ ಹನಿಗಳು ಫ್ಲಾಷಿನಲ್ಲಿ ಬೆಳಗಿದವು, ಅಷ್ಟೆ.

ಇನ್ನು ಕಾರ್ಡಿನ ವಿಷಯ. ಚಿತ್ರಗಳು ದಾಖಲಾಗದಿದ್ದರೆ ಕಾರ್ಡಿನ ಅಂಚಿನ ಪುಟ್ಟ ಬೀಗವು ಸರಿದಿದೆಯೇ ಎಂದು ನೋಡಿರಿ. ಚಿತ್ರವನ್ನು ಅಳಿಸಿದಾಗ ಸಾಮಾನ್ಯವಾಗಿ ಅದರ ಹೆಸರು ಮಾತ್ರ ಪಟ್ಟಿಯಿಂದ ಹೋಗುತ್ತದೆ. ಗ್ರಂಥಾಲಯದ ಪಟ್ಟಿಯಲ್ಲಿ ಹೆಸರನ್ನು ಹೊಡೆದುಹಾಕಿದರೂ ಪುಸ್ತಕವು ಬೀರುವಿನಲ್ಲಿಯೇ ಇರುವುದಿಲ್ಲವೇ? ಹಾಗೆಯೇ ಇದೂ. ಆದರೆ ಹೊಸ ಚಿತ್ರವು ಆ ಸ್ಥಳವನ್ನು ಆಕ್ರಮಿಸಿದೊಡನೆ ಹಳೆಯದು ನಿಜವಾಗಿ ನಾಶವಾಗುತ್ತದೆ. ಆದುದರಿಂದ ಚಿತ್ರಗಳು ಕಾಣೆಯಾದೊಡನೆ ಕಾರ್ಡನ್ನು ಹೊರತೆಗೆದು, ಏನನ್ನೂ ದಾಖಲಿಸದೆ, ಮರಳಿ ಪಡೆಯುವ ಸಾಫ್ಟ್‌ವೇರ್ ಇರುವ ಕಂಪ್ಯೂಟರಿಗೆ ಒಯ್ಯಬೇಕು. ಬಹಳಷ್ಟು ಸಲ ಅವು ದೊರೆಯುತ್ತವೆ. ಆ ಹುಡುಗನು ಇಷ್ಟು ತಾಳ್ಮೆ ತೋರಿದ್ದರೆ ಅಜ್ಜಿಯ ಚಿತ್ರಗಳೂ ದೊರೆಯುತ್ತಿದ್ದುವೇನೋ.

ಸಮಾರಂಭ ಮುಗಿದ ದಿನವೇ ಚಿತ್ರಗಳನ್ನು ಎರಡು ಬೇರೆ ಸ್ಥಳಗಳಿಗೆ ನಕಲು ಮಾಡಿರಿ. ಅನಂತರವೇ ಕಾರ್ಡನ್ನು ಬರಿದುಮಾಡಿರಿ. ಕ್ಯಾಮರಾ ಕೆಟ್ಟರೆ ಬೇರೊಂದನ್ನು ಕೊಳ್ಳಬಹುದು. ಕಳೆದುಹೋದ ದಿನವನ್ನು ಕೊಳ್ಳಲಾಗದು.