ತಾನು ಮಾಡಿದ್ದು ಉತ್ತಮ; ಆದರೆ ಕರೆಂಟಿನ ಕೆಲಸ?

ಪೆರ್ಡೂರು: ‘ಆಳು ಮಾಡಿದ್ದು ಹಾಳು, ಮಗ ಮಾಡಿದ್ದು ಮಧ್ಯಮ, ತಾನು ಮಾಡಿದ್ದು ಉತ್ತಮ’ ಎಂದು ಗಾದೆ ಕಟ್ಟಿದ ಹಿರಿಯರ ಕಾಲಕ್ಕೆ ಕರೆಂಟ್ ಇರಲಿಲ್ಲ. ಇದ್ದಿದ್ದರೆ ಗಾದೆಗೆ ಇನ್ನೊಂದು ಸಾಲು ಸೇರುತ್ತಿತ್ತೋ ಏನೋ.

ಉಡುಪಿಯಿಂದ ಹಿರಿಯಡ್ಕ ದಾಟಿ ಹೆಬ್ರಿ, ಆಗುಂಬೆ ಕಡೆಗೆ ಹೋಗುವ ಬಸ್ಸಿನವರಿಗೆಲ್ಲ ಪೆರ್ಡೂರು ಗೊತ್ತು. ಅನಂತಪದ್ಮನಾಭನ ಸನ್ನಿಧಿ, ದೇವರಿಗೆ ಪ್ರಿಯವಾದ ಬಾಳೆಹಣ್ಣು, ಸಂಕ್ರಮಣದ ಜನಜಂಗುಳಿ, ಹೆಸರಾಂತ ಯಕ್ಷಗಾನ ಮೇಳ. ಈ ಊರಿನ ಮನೆಗಳಲ್ಲೂ ಒಂದು ಕಾಲಕ್ಕೆ ಚಿಮಿಣಿ ಎಣ್ಣೆ ದೀಪ. ಆಮೇಲೆ ಬಂದದ್ದು ಒಂದೆರಡು ಬಲ್ಬು, ಒಂದು ಫ್ಯಾನು. ಈಗ ನೋಡಿ: ಗ್ರೈಂಡರು, ಫ್ರಿಜ್ಜು, ಬಾವಿಗೆ ಪಂಪು, ಬಚ್ಚಲಿಗೆ ಗೀಸರು, ಇನ್ವರ್ಟರು. ಸಾಮಾನು ಹತ್ತು ಪಟ್ಟಾಯಿತು. ಎಷ್ಟೋ ಮನೆಗಳಲ್ಲಿ ಗೋಡೆಯ ವಯರ್ ಮಾತ್ರ ಹಳೆಯದೇ.

ಗೀಸರ್ ತಂದಾಯಿತು, ಪಾಯಿಂಟ್ ಇಲ್ಲ. ವಯರ್‌ಮ್ಯಾನನಿಗೆ ಫೋನ್ ಮಾಡಿದರೆ ‘ನಾಳೆ ಬರ್ತೇನೆ’ ಎಂಬ ಉತ್ತರ. ಆ ನಾಳೆ ಬರುವುದೇ ಇಲ್ಲ. ಆಗ ಮನೆಯ ಯಜಮಾನ ಟೆಸ್ಟರ್ ಹಿಡಿಯುತ್ತಾನೆ. ‘ಎಂತ ಮಾರಾಯ್ರೇ, ಎರಡು ವಯರ್ ಜೋಡಿಸಲಿಕ್ಕೂ ಲೈಸೆನ್ಸ್ ಬೇಕಾ?’

ಬೇಕು. ಬೇಡ. ಎರಡೂ ಸರಿ! ಗೆರೆ ಎಲ್ಲಿದೆ ಎಂದು ತಿಳಿದಿರಬೇಕು, ಅಷ್ಟೆ.

ಕಾನೂನು ಹಾಕಿದ ಗೆರೆ

1956ರ ಭಾರತೀಯ ವಿದ್ಯುತ್ ನಿಯಮಗಳ 45ನೇ ನಿಯಮದಲ್ಲಿಯೇ ಈ ಗೆರೆ ಇತ್ತು. 2003ರಲ್ಲಿ ಹೊಸ ವಿದ್ಯುತ್ ಕಾಯಿದೆ ಬಂತು. ಕೇಂದ್ರ ವಿದ್ಯುತ್ ಪ್ರಾಧಿಕಾರ 2010ರಲ್ಲಿ ಸುರಕ್ಷತಾ ನಿಯಮಾವಳಿ ತಂದಿತು, 2023ರಲ್ಲಿ ಅದರ ಜಾಗಕ್ಕೆ ಇನ್ನೊಂದು ಬಂತು. ನಮ್ಮ ಕಡೆ ಕೆಇಬಿ ಹೋಗಿ ಕೆಪಿಟಿಸಿಎಲ್, 2002ರಲ್ಲಿ ಮೆಸ್ಕಾಂ ಬಂದರೂ ಜನರ ಬಾಯಲ್ಲಿ ಇನ್ನೂ ‘ಕೆಇಬಿ’ಯೇ. ಹಾಗೆಯೇ ಈ ನಿಯಮವೂ. ಹೆಸರು, ನಂಬರು ಬದಲಾಯಿತೇ ವಿನಾ ತಿರುಳು ಬದಲಾಗಲಿಲ್ಲ.

ತಿರುಳು ಇಷ್ಟು. ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು, ಮನೆಬಳಕೆಯ ಉಪಕರಣ ಹಾಳಾದರೆ ಅಂಥದ್ದೇ ಇನ್ನೊಂದನ್ನು ಹಾಕುವುದಕ್ಕೆ ಅಡ್ಡಿಯಿಲ್ಲ. ಆದರೆ ಅದರಿಂದ ವಯರಿಂಗಿನ ಸಾಮರ್ಥ್ಯವಾಗಲಿ, ಸ್ವರೂಪವಾಗಲಿ ಬದಲಾಗಕೂಡದು. ಹೊಸ ಪಾಯಿಂಟ್, ಹೊಸ ಲೈನ್, ಹಳೆಯದರ ಮಾರ್ಪಾಡು, ರಿಪೇರಿ ಇವನ್ನೆಲ್ಲ ಸರಕಾರದ ಲೈಸೆನ್ಸ್ ಪಡೆದ ಗುತ್ತಿಗೆದಾರನೇ ಮಾಡಿಸಬೇಕು. ಅರ್ಹತಾಪತ್ರ ಇದ್ದ ಸೂಪರ್‌ವೈಸರ್ ಮೇಲೆ ನಿಂತು ನೋಡಬೇಕು, ಪರ್ಮಿಟ್ ಇದ್ದ ವಯರ್‌ಮ್ಯಾನ್ ಕೈಹಾಕಬೇಕು. ಕರ್ನಾಟಕದಲ್ಲಿ ಇವನ್ನು ಕೊಡುವುದು ವಿದ್ಯುತ್ ಪರಿವೀಕ್ಷಣಾಲಯ.

ಅಂದರೆ ಸುಟ್ಟ ಬಲ್ಬನ್ನು ಯಜಮಾನನೇ ಬದಲಿಸಬಹುದು. ಬಲ್ಬಿನ ಹೋಲ್ಡರಿನಿಂದ ವಯರ್ ಎಳೆದು ಗೀಸರಿಗೆ ಕೊಡುವಂತಿಲ್ಲ.

ಬೇರೆ ದೇಶಗಳಲ್ಲಿ ಹೇಗೆ? ಆಸ್ಟ್ರೇಲಿಯಾದಲ್ಲಿ ಲೈಸೆನ್ಸ್ ಇಲ್ಲದವ ಗೋಡೆಯ ಸ್ವಿಚ್ ಬದಲಿಸುವುದೂ ತಪ್ಪು. ನೆರೆಯ ನ್ಯೂಜಿಲೆಂಡಿನಲ್ಲಿ ಸ್ವಂತ ಮನೆಯ ಕೆಲವು ವಯರಿಂಗ್ ಕೆಲಸವನ್ನು ಯಜಮಾನನೇ ಮಾಡಬಹುದು. ಆದರೆ ಕರೆಂಟ್ ಕೊಡುವ ಮುಂಚೆ ಇನ್ಸ್‌ಪೆಕ್ಟರ್ ಬಂದು ಪರೀಕ್ಷೆ ಮಾಡಬೇಕು. ನಮ್ಮ ನಿಯಮ ಇವೆರಡರ ನಡುವೆ ನಿಂತಿದೆ.

ಫ್ಯೂಸ್ ಕಾಯುವುದು ಮನೆಯನ್ನು, ಮನುಷ್ಯನನ್ನಲ್ಲ

‘ಫ್ಯೂಸ್ ಉಂಟಲ್ಲ, ಶಾಕ್ ಹೊಡೆದರೆ ಹಾರಿಹೋಗ್ತದೆ’ ಎಂದು ಧೈರ್ಯ ಹೇಳುವವರಿದ್ದಾರೆ. ಲೆಕ್ಕ ಹಾಕಿ ನೋಡಿ. 230 ವೋಲ್ಟಿನಲ್ಲಿ 40 ವ್ಯಾಟಿನ ಬಲ್ಬು ಎಳೆಯುವುದು ಸುಮಾರು 170 ಮಿಲಿ ಆಂಪಿಯರ್. ಅದರ ಅರ್ಧದಷ್ಟು ಒಂದೆರಡು ಸೆಕೆಂಡು ಎದೆಯ ಮೂಲಕ ಹರಿದರೂ ಗುಂಡಿಗೆಯ ತಾಳ ತಪ್ಪಿ ಪ್ರಾಣ ಹೋಗಬಹುದು. ಐದು ಆಂಪಿಯರಿನ ಫ್ಯೂಸಿಗೆ ಇದು ಲೆಕ್ಕಕ್ಕೇ ಇಲ್ಲ. ಮನುಷ್ಯ ಸತ್ತರೂ ಫ್ಯೂಸ್ ಹಾರುವುದಿಲ್ಲ, ಬಲ್ಬು ಉರಿಯುತ್ತಲೇ ಇರುತ್ತದೆ.

ಫ್ಯೂಸ್ ಇರುವುದು ವಯರ್ ಸುಡದಂತೆ. 2000 ವ್ಯಾಟಿನ ಗೀಸರ್ ಎಳೆಯುವುದು ಎಂಟೂವರೆ ಆಂಪಿಯರಿಗೂ ಮೇಲೆ. ಅದನ್ನು ಫ್ಯಾನಿನ ಆರು ಆಂಪಿಯರ್ ಸಾಕೆಟ್ಟಿಗೆ ಸಿಕ್ಕಿಸಿದರೆ ಸಾಕೆಟ್ ಕರಗುತ್ತದೆ, ಫ್ಯೂಸ್ ಪದೇ ಪದೇ ಹೋಗುತ್ತದೆ. ಆಗ ಯಜಮಾನ ಏನು ಮಾಡುತ್ತಾನೆ? ಹಳೆಯ ವಯರಿನ ತಾಮ್ರದ ಎಳೆಗಳನ್ನು ಹೊಸೆದು ಕಟ್‌ಔಟಿಗೆ ಸುತ್ತುತ್ತಾನೆ. ‘ಇನ್ನು ಹೋಗುವುದಿಲ್ಲ ನೋಡಿ!’ ಹೌದು, ಫ್ಯೂಸ್ ಹೋಗುವುದಿಲ್ಲ. ಗೋಡೆಯೊಳಗಿನ ವಯರ್ ಕಾಯುತ್ತದೆ, ಒಂದು ದಿನ ಹೊತ್ತಿಕೊಳ್ಳುತ್ತದೆ.

ಹಾಗಾದರೆ ಮನುಷ್ಯನನ್ನು ಕಾಯುವುದು ಯಾವುದು? ಒಂದು, ಸರಿಯಾದ ಅರ್ತಿಂಗ್. ಇನ್ನೊಂದು, 30 ಮಿಲಿ ಆಂಪಿಯರ್ ಸೋರಿಕೆಗೇ ಕ್ಷಣದೊಳಗೆ ಕರೆಂಟ್ ಕಡಿಯುವ ಆರ್‌ಸಿಸಿಬಿ. ಸ್ವಂತ ಕೈಯ ಕೆಲಸದಲ್ಲಿ ಹೆಚ್ಚಾಗಿ ತಪ್ಪಿಹೋಗುವುದು ಇವೆರಡೇ. ಅರ್ತಿಂಗ್ ಇಲ್ಲದಿದ್ದರೂ ಗೀಸರಿನ ನೀರು ಬಿಸಿಯಾಗುತ್ತದೆ. ತಪ್ಪು ಕಣ್ಣಿಗೆ ಕಾಣುವುದಿಲ್ಲ. ಒಳಗಿನ ಕಾಯಿಲ್ ಒಡೆದ ದಿನ, ಒದ್ದೆ ಕೈಯಿಂದ ನಳ್ಳಿ ತಿರುಗಿಸಿದಾಗ ಗೊತ್ತಾಗುವುದು.

ಕೆಲವರದು ಇನ್ನೂ ಜಾಣತನ. ಅರ್ತಿನ ಪಿನ್ನನ್ನು ಸಾಕೆಟ್ಟಿನಲ್ಲೇ ನ್ಯೂಟ್ರಲಿಗೆ ಜೋಡಿಸಿ ‘ಅರ್ತಿಂಗ್ ಆಯ್ತು’ ಎನ್ನುತ್ತಾರೆ. ಎಲ್ಲಾದರೂ ನ್ಯೂಟ್ರಲ್ ತುಂಡಾಯಿತೋ, ಫ್ರಿಜ್ಜಿನ ಮೈಗೇ 230 ವೋಲ್ಟು! ಸ್ವಿಚ್ಚನ್ನು ಫೇಸಿನ ಬದಲು ನ್ಯೂಟ್ರಲಿಗೆ ಹಾಕುವುದೂ ಇದೇ ಜಾತಿ. ಸ್ವಿಚ್ ಆಫ್, ದೀಪ ಆಫ್, ಆದರೆ ಹೋಲ್ಡರಿನಲ್ಲಿ ಕರೆಂಟ್ ಹಾಗೆಯೇ ಕೂತಿರುತ್ತದೆ.

ನಮ್ಮ ಮಣ್ಣಿನ ಗುಣವೂ ಒಂದುಂಟು. ಕೆಂಪುಕಲ್ಲಿನ ನೆಲ ಮಳೆಗಾಲದಲ್ಲಿ ತೇವ, ಏಪ್ರಿಲ್ ಮೇ ಬಂದರೆ ಒಣಗಿ ಕಲ್ಲೇ ಕಲ್ಲು. ಒಣ ನೆಲ ಕರೆಂಟನ್ನು ಒಳಗೆ ಬಿಡುವುದಿಲ್ಲ. ಇದ್ದಿಲು, ಉಪ್ಪು ಹಾಕಿದ ಅರ್ತ್ ಗುಂಡಿಗೆ ಬೇಸಿಗೆಯಲ್ಲಿ ನೀರು ಹೊಯ್ಯಬೇಕು ಎಂದು ಹಳಬರು ಹೇಳುವುದು ಸುಮ್ಮನೆ ಅಲ್ಲ.

ಕಂಬದ ಮೇಲಿನವನ ಜೀವ

‘ನನ್ನ ಮನೆ, ನನ್ನ ಜೀವ, ನಿಮಗೆಂತ?’ ಎನ್ನುವವರಿಗೂ ಉತ್ತರವಿದೆ. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋಗುತ್ತದೆ. ಮನೆಯಲ್ಲಿ ಸಣ್ಣ ಜನರೇಟರ್ ಇದೆ. ಎರಡೂ ತುದಿಗೆ ಪಿನ್ ಕಟ್ಟಿದ ವಯರನ್ನು ಪ್ಲಗ್ಗಿಗೆ ಸಿಕ್ಕಿಸಿದರೆ ಮನೆಯೆಲ್ಲ ಬೆಳಕು. ಆದರೆ ಮೇನ್ ಸ್ವಿಚ್ ಆಫ್ ಮಾಡಲು ಮರೆತರೆ ಅದೇ ಕರೆಂಟ್ ಹಿಂದಕ್ಕೆ ಲೈನಿಗೆ ಹೋಗುತ್ತದೆ. ಟ್ರಾನ್ಸ್‌ಫಾರ್ಮರ್ ಮನೆಗೆ ಬರುವಾಗ 11,000 ವೋಲ್ಟನ್ನು ಇಳಿಸುತ್ತದೆ. ಹಿಂದಕ್ಕೆ ಹೋಗುವಾಗ ಅಷ್ಟೇ ಏರಿಸುತ್ತದೆ. ಸುರಿವ ಮಳೆಯಲ್ಲಿ ಕಂಬ ಹತ್ತಿದ ಲೈನ್‌ಮ್ಯಾನ್ ‘ಲೈನ್ ಆಫ್ ಉಂಟು’ ಎಂದು ಕೈಹಾಕುತ್ತಾನೆ. ಮುಂದಿನದನ್ನು ಬರೆಯಬೇಕಿಲ್ಲ. ಅವನಿಗೂ ಮನೆಯಲ್ಲಿ ಹೆಂಡತಿ, ಮಕ್ಕಳು ಕಾಯುತ್ತಿರುತ್ತಾರೆ. ಚೇಂಜ್ ಓವರ್ ಸ್ವಿಚ್ ಹಾಕಿಸಿದರೆ ಈ ಅಪಾಯವೇ ಇಲ್ಲ.

ದೇಶದಲ್ಲಿ ಶಾಕ್ ಹೊಡೆದು ಸಾಯುವವರು ವರ್ಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಎಂದು ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ಇತ್ತೀಚಿನ ವರ್ಷಗಳ ಲೆಕ್ಕ ಹೇಳುತ್ತದೆ. ಎಲ್ಲವೂ ಮನೆಯೊಳಗಿನ ಸಾವಲ್ಲ, ನಿಜ. ಆದರೆ ಮೀಟರಿನಿಂದ ಈಚೆಗಿನ ವಯರಿಂಗಿನ ಜವಾಬ್ದಾರಿ ಮನೆಯವರದ್ದೇ.

ಅಂಗಡಿಯವರಿಗೆ ಒಂದು ಮಾತು

ಸಂಕ್ರಮಣ, ಜಾತ್ರೆ ಬಂತೆಂದರೆ ಪಕ್ಕದ ತಾತ್ಕಾಲಿಕ ಅಂಗಡಿಗೆ ‘ಒಂದು ವಯರ್ ಎಳಕೊಳ್ಳಿ, ಎಂತ ಆಗ್ಲಿಕ್ಕುಂಟು’ ಎಂದು ಕರೆಂಟ್ ಕೊಡುವ ಉದಾರಿಗಳಿದ್ದಾರೆ. ಒಂದು ಜಾಗಕ್ಕೆ ಮಂಜೂರಾದ ಕರೆಂಟನ್ನು ಇನ್ನೊಂದು ಜಾಗಕ್ಕೆ ಕೊಡುವುದು 2003ರ ಕಾಯಿದೆಯ 126ನೇ ಸೆಕ್ಷನ್ ಪ್ರಕಾರ ಅನಧಿಕೃತ ಬಳಕೆ. ಮನೆಯ ಮೀಟರಿನಿಂದ ಅಂಗಡಿ ನಡೆಸುವುದೂ ಅದೇ. ಸಿಕ್ಕಿಬಿದ್ದರೆ ಎರಡು ಪಟ್ಟು ದರ. ಯಾವಾಗಿನಿಂದ ಎಂದು ಗೊತ್ತಾಗದಿದ್ದರೆ ಹಿಂದಿನ 12 ತಿಂಗಳಿಗೆ ಲೆಕ್ಕ ಹಾಕಬಹುದು. ಮೀಟರನ್ನೇ ತಪ್ಪಿಸಿ ಎಳೆದರೆ 135ನೇ ಸೆಕ್ಷನ್, ಅದು ಕಳ್ಳತನ. ಮೂರು ವರ್ಷದವರೆಗೆ ಜೈಲೂ ಆಗಬಹುದು. ಇದಕ್ಕೆಲ್ಲ ಬದಲು ತಾತ್ಕಾಲಿಕ ಸಂಪರ್ಕ ಕೇಳಿ ಪಡೆಯುವ ದಾರಿ ಇದೆ.

ತಪ್ಪು ಯಜಮಾನನದ್ದೇ?

ಪೂರ್ತಿ ಅಲ್ಲ. ಒಂದು ಪ್ಲಗ್ ಪಾಯಿಂಟಿಗಾಗಿ ಲೈಸೆನ್ಸಿನ ಗುತ್ತಿಗೆದಾರ ಹಳ್ಳಿಗೆ ಬರುತ್ತಾನೆಯೇ? ಉಡುಪಿ, ಮಣಿಪಾಲದಲ್ಲಿ ದೊಡ್ಡ ಕಟ್ಟಡಗಳ ಕೆಲಸ ಇರುವಾಗ ಇನ್ನೂರು ಮುನ್ನೂರರ ಕೆಲಸಕ್ಕೆ ಯಾರು ಬಸ್ಸು ಹತ್ತುತ್ತಾರೆ? ಐಟಿಐ ಕಲಿತ ಹುಡುಗರು ಗಲ್ಫಿನ ದಾರಿ ಹಿಡಿಯುತ್ತಾರೆ. ಸಹಿ ಒಬ್ಬರದು, ಕೈ ಇನ್ನೊಬ್ಬರದು ಎಂಬ ಪದ್ಧತಿಯೂ ನಾಡಿನಲ್ಲೆಲ್ಲ ಉಂಟು. ಕಂಪ್ಲೀಷನ್ ರಿಪೋರ್ಟಿನಲ್ಲಿ ಲೈಸೆನ್ಸ್ ನಂಬರ್ ಇರುತ್ತದೆ. ಗೋಡೆ ಕೊರೆದವನಿಗೆ ಪರ್ಮಿಟ್ ಇರುವುದಿಲ್ಲ. ನಿಯಮ ಗಟ್ಟಿಯಾದಷ್ಟೂ ಜನ ಹೊರತಾದ ದಾರಿ ಹುಡುಕುವುದು ಸಹಜ. ಸಣ್ಣ ಕೆಲಸಕ್ಕೆ ಪರ್ಮಿಟ್ ಇದ್ದವರು ಊರಲ್ಲೇ ಸುಲಭವಾಗಿ ಸಿಗುವಂತಾದರೆ ಅರ್ಧ ಸಮಸ್ಯೆ ತೀರೀತು.

ಅಲ್ಲಿಯವರೆಗೆ ಮನೆಯವರು ಇಷ್ಟಾದರೂ ಮಾಡಬಹುದು. ಬಂದವನ ಪರ್ಮಿಟ್ ತೋರಿಸಲು ಕೇಳಿ, ಇದರಲ್ಲಿ ನಾಚಿಕೆಯೇನೂ ಇಲ್ಲ. ಕೆಲಸ ಮುಗಿದ ಮೇಲೆ ಮೆಗ್ಗರ್ ಹಾಕಿ ನೋಡಲು ಹೇಳಿ. 500 ವೋಲ್ಟಿನಲ್ಲಿ ಒಂದು ನಿಮಿಷ ಪರೀಕ್ಷಿಸಿದಾಗ ಕನಿಷ್ಠ ಒಂದು ಮೆಗಾ ಓಮ್ ಬರಬೇಕು ಎಂಬುದು ನಿಯಮ. ಆರ್‌ಸಿಸಿಬಿ ಹಾಕಿಸಿ, ಅದರ ‘ಟೆಸ್ಟ್’ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಿ. ಬಲ್ಬು ಬದಲಿಸುವ ಮುಂಚೆಯೂ ಮೇನ್ ಆಫ್ ಮಾಡಿ. ಯಾರಿಗಾದರೂ ಶಾಕ್ ಹೊಡೆದರೆ ಓಡಿಹೋಗಿ ಅಪ್ಪಿಕೊಳ್ಳಬೇಡಿ. ಮೊದಲು ಮೇನ್ ಆಫ್, ಆಗದಿದ್ದರೆ ಒಣ ಮರದ ಕೋಲಿನಿಂದ ಬಿಡಿಸಿ. ಲೈನಿನ ತೊಂದರೆಗೆ 1912 ನಂಬರ್ ಇದೆ.

ಅಡುಗೆ, ಬೇಸಾಯ, ಅಂಗಡಿಯ ಲೆಕ್ಕ, ಇವೆಲ್ಲ ತಾನು ಮಾಡಿದ್ದೇ ಉತ್ತಮ. ತಪ್ಪಿದರೆ ತಿದ್ದಿಕೊಳ್ಳಬಹುದು. ಕರೆಂಟಿನಲ್ಲಿ ತಿದ್ದಿಕೊಳ್ಳಲು ಎರಡನೇ ಸಲ ಸಿಗುವುದಿಲ್ಲ. ಬಲ್ಬಿನ ತನಕ ಯಜಮಾನ, ವಯರಿಗೆ ವಯರ್‌ಮ್ಯಾನ್. ಗೆರೆ ಅಲ್ಲಿದೆ.