‘ಆದಿತ್ಯ 369’ 4ಕೆ ಆಯ್ತು, ನಿಮ್ಮ ಮದುವೆ ಕ್ಯಾಸೆಟ್ ಯಾಕೆ ಆಗಲ್ಲ?

ಗಂಗಾವತಿ: ಟೈಮ್ ಮಷಿನ್ ಏರಿ 1526ರ ವಿಜಯನಗರಕ್ಕೆ ಹೋಗುವ ತೆಲುಗು ಸಿನಿಮಾ ‘ಆದಿತ್ಯ 369’. ಕಥೆಯ ಊರು ನಮಗೆ ದೂರದ್ದಲ್ಲ, ಆನೆಗೊಂದಿಯಲ್ಲಿ ಹೊಳೆ ದಾಟಿದರೆ ಹಂಪಿ. ಸಿಂಗೀತಂ ಶ್ರೀನಿವಾಸರಾವ್ ನಿರ್ದೇಶಿಸಿ, ಬಾಲಕೃಷ್ಣ ನಟಿಸಿದ ಈ ಸಿನಿಮಾ ಬಂದಿದ್ದು 1991ರಲ್ಲಿ. 2025ರ ಏಪ್ರಿಲ್ 4ರಂದು 4ಕೆ ಆಗಿ ಮತ್ತೆ ತೆರೆಗೆ ಬಂತು.

ಅಷ್ಟು ಹಳೇ ಸಿನಿಮಾ 4ಕೆ ಆಗುತ್ತೆ ಅಂದ್ರೆ, ಅದೇ ಕಾಲದ ನಮ್ಮ ಮದುವೆ ಕ್ಯಾಸೆಟ್ ಯಾಕೆ ಆಗಲ್ಲ?

ಸಿನಿಮಾ ತೆಗೆದಿದ್ದು ಫಿಲ್ಮ್ ರೀಲಿನಲ್ಲಿ. ರೀಲಿನಲ್ಲಿ ಸಣ್ಣ ಸಣ್ಣ ವಿವರವೂ ಉಳಿದಿರುತ್ತೆ. ಸ್ಕ್ಯಾನ್ ಮಾಡಿ, ಧೂಳು, ಗೀರು ತೆಗೆದರೆ ಅದು ಎದ್ದು ಕಾಣುತ್ತೆ. ವಿಎಚ್‌ಎಸ್ ಕ್ಯಾಸೆಟ್‌ನಲ್ಲಿ ಅಷ್ಟು ವಿವರ ಮೊದಲೇ ದಾಖಲಾಗಿರಲ್ಲ.

ಲೆಕ್ಕ ನೋಡಿ: ವಿಸಿಡಿಯ ಒಂದು ಚಿತ್ರದಲ್ಲಿ ಸುಮಾರು 1 ಲಕ್ಷ ಚುಕ್ಕಿ, ಡಿವಿಡಿಯಲ್ಲಿ 4 ಲಕ್ಷ, 4ಕೆಯಲ್ಲಿ 83 ಲಕ್ಷ. ಆಗ ಮನೆಯಲ್ಲಿ ಸಿಡಿ ಹಾಕಿ ನೋಡಿದವರು ಸಿನಿಮಾದ ಅರ್ಧವನ್ನೂ ನೋಡಿಲ್ಲ ಅನ್ನಬಹುದು.

ಹಾಗಾಗಿ ಯಾರಾದರೂ ‘ಕ್ಯಾಸೆಟ್ 4ಕೆ ಮಾಡಿಕೊಡ್ತೀವಿ’ ಅಂದರೆ ಹೆಚ್ಚಿಗೆ ದುಡ್ಡು ಕೊಡಬೇಡಿ. ಇಲ್ಲದ ವಿವರವನ್ನು ಕಂಪ್ಯೂಟರ್ ಊಹಿಸಿ ತುಂಬುತ್ತೆ, ಅಜ್ಜಿಯ ಮುಖವೇ ಬೇರೆಯಾದೀತು.

ಆದರೆ ಇದ್ದದ್ದು ಇದ್ದಂಗೆ ಕಾಪಿ ಮಾಡಿಸಲು ತಡಮಾಡಬೇಡಿ. ಟೇಪಿಗೆ ಬೂಸ್ಟು ಹಿಡಿದರೆ ಕಷ್ಟ. ಎರಡು ಕಡೆ ಕಾಪಿ ಇಡಿ. ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿ, ಜಪಾನಿನ ಫುನಾಯ್, 2016ರಲ್ಲೇ ಕೆಲಸ ನಿಲ್ಲಿಸಿದೆ.

ಕೊಪ್ಪಳ, ಕುಷ್ಟಗಿ, ಯಲಬುರ್ಗಾದ ಸ್ಟುಡಿಯೊದವರೇ, ಅಂಗಡಿ ಮೂಲೆಯಲ್ಲಿ ನಡೆಯೋ ವಿಸಿಆರ್ ಇದ್ದರೆ ಗುಜರಿಗೆ ಹಾಕಬೇಡಿ. ಗಿರಾಕಿ ಬಂದೇ ಬರ್ತಾರೆ.